ಬೆಲ್ ಹೊಡೆದ ಮೇಲಿನ 45 ಸೆಕೆಂಡು

ನನ್ನ ಮೊದಲ ಶೋ ಜಂಪಿಂಗ್ ಸ್ಪರ್ಧೆ ನಾಲ್ಕೇ ಜಂಪ್‌ಗೆ ಮುಗಿಯಿತು. ಕುದುರೆಯನ್ನು ನಂಬರಿನ ಕ್ರಮದಲ್ಲಿ ಒಂದೊಂದೇ ಕಂಬದ ತಡೆ ಹಾರಿಸುವ ಆಟ ಅದು. ಬೆಂಗಳೂರಿನಲ್ಲಿ, 80 ಸೆಂಟಿಮೀಟರ್ ಎತ್ತರದ ಕ್ಲಾಸು. ನಾಲ್ಕನೆಯದು ಹಾರಿ ಇಳಿದೆ, ಐದನೆಯದು ಎಲ್ಲಿ ಅನ್ನೋದೇ ಮರೆತುಹೋಯಿತು. ಎದುರಿಗೆ ಕಂಡ ನೀಲಿ ಕಂಬ ಹಾರಿಸಿದೆ. ಅದು ಎಂಟನೆಯದಂತೆ. ತಪ್ಪು ಕೋರ್ಸ್, ಎಲಿಮಿನೇಟ್. ಕುದುರೆ ಮಾತ್ರ ಕಿವಿ ನಿಮಿರಿಸಿಕೊಂಡು ಹೊರಗೆ ಬಂತು. ಅದರ ಲೆಕ್ಕದಲ್ಲಿ ಗೆದ್ದಿತ್ತು.

ಆಮೇಲೆ ವಿಡಿಯೋ ನೋಡಿದೆ. ಭುಜ ಕಿವಿಯ ಹತ್ತಿರ, ಮೊಣಕಾಲು ಸ್ಯಾಡಲ್‌ಗೆ ಅಂಟಿಕೊಂಡಿದೆ, ತುಟಿ ಬಿಗಿ. ಮೊದಲ ಜಂಪ್‌ನಿಂದ ಉಸಿರೇ ಬಿಟ್ಟಿಲ್ಲ. ನಾನು ಲಗಾಮು ಎಳೆದಷ್ಟೂ ಕುದುರೆ ತಲೆ ಎತ್ತಿ ಓಡುತ್ತಿದೆ. ಕುದುರೆ ನೋಡಿಕೊಳ್ಳುವ ನಮ್ಮ ಸೈಸ್ ನಕ್ಕು, "ನೀವು ಉಸಿರು ಹಿಡಿದ್ರೆ ಎಲ್ಲೋ ಹುಲಿ ಇದೆ ಅಂದ್ಕೊಳ್ತಾನೆ" ಅಂದರು. ಇದು ಬರೀ ಲಾಯದ ಮಾತಲ್ಲ. 2009ರಲ್ಲಿ ಸ್ವೀಡನ್‌ನ ಸಂಶೋಧಕರು ಪ್ರಯೋಗದಲ್ಲಿದ್ದವರಿಗೆ, ಕುದುರೆ ಹಾದುಹೋಗುವಾಗ ಈ ಸಲ ಕೊಡೆ ಬಿಚ್ಚುತ್ತೇವೆ ಎಂದು ಹೇಳಿದ್ದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತದ ಜೊತೆ ಕುದುರೆಗಳದ್ದೂ ಏರಿತ್ತು.

"ದೀರ್ಘವಾಗಿ ಉಸಿರಾಡಿ" ಅಂತ ಎಲ್ಲರೂ ಹೇಳುತ್ತಾರೆ. ಮೈದಾನದೊಳಗೆ ಅದು ನೆನಪಿದ್ದರೆ ತಾನೇ! ನನಗೆ ಕೆಲಸ ಮಾಡಿದ್ದು ಮಗ್ಗಿ. ಬಾಯಿಬಿಟ್ಟು ಮಾತಾಡುತ್ತಿದ್ದರೆ ಉಸಿರು ಕಟ್ಟೋಕೆ ಆಗಲ್ಲ. ಕ್ಯಾಂಟರ್, ಅಂದರೆ ಕುದುರೆಯ ಹದವಾದ ಓಟ, ಶುರುವಾದ ತಕ್ಷಣ "ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು" ಅಂತ ಜೋರಾಗಿಯೇ ಹೇಳುತ್ತೇನೆ. ವೇಗ ಏರಿದರೆ ಮಗ್ಗಿಯೂ ಓಡುತ್ತದೆ, ಅಲ್ಲೇ ಗೊತ್ತಾಗುತ್ತದೆ. ಎರಡರ ಮಗ್ಗಿಯೇ ಇರಲಿ. ಒಮ್ಮೆ ಜಂಬದಿಂದ ಹದಿಮೂರರದ್ದು ಹಿಡಿದು, ಹದಿಮೂರೇಳ್ಲ ಎಷ್ಟು ಅಂತ ಯೋಚಿಸುತ್ತಾ ಕಂಬ ಬೀಳಿಸಿದ್ದೇನೆ.

ಇನ್ನೊಂದು, ಕೋರ್ಸ್ ವಾಕ್: ಸ್ಪರ್ಧೆಗೆ ಮುಂಚೆ ಜಂಪ್‌ಗಳ ದಾರಿಯನ್ನು ನಡೆದು ನೋಡುವುದು. ಮೊದಲೆಲ್ಲ ಗೆಳೆಯರ ಜೊತೆ ಹರಟುತ್ತಾ ಸುತ್ತಿ ಬರುತ್ತಿದ್ದೆ. ಈಗ ಒಬ್ಬಳೇ ನಡೆಯುತ್ತೇನೆ, ಹೆಜ್ಜೆ ಎಣಿಸುತ್ತೇನೆ. ನನ್ನ ಹೆಜ್ಜೆ ಸುಮಾರು 90 ಸೆಂಟಿಮೀಟರ್ ಬರುವ ಹಾಗೆ ಮನೆಯಲ್ಲಿ ಟೇಪು ಹಾಸಿ ಅಭ್ಯಾಸ ಮಾಡಿದ್ದೆ. ಕ್ಯಾಂಟರ್‌ನಲ್ಲಿ ಕುದುರೆಯ ಒಂದು ದಾಪು ಸುಮಾರು 3.6 ಮೀಟರ್, ಅಂದರೆ ನನ್ನ ನಾಲ್ಕು ಹೆಜ್ಜೆ. ಒಂದು ಜಂಪ್‌ನಿಂದ ಇಳಿಯೋಕೆ ಎರಡು ಹೆಜ್ಜೆ, ಮುಂದಿನದಕ್ಕೆ ಏರೋಕೆ ಎರಡು ಬಿಡಬೇಕು. ಎರಡು ಜಂಪ್ ನಡುವೆ 24 ಹೆಜ್ಜೆ ಬಂದರೆ ಐದು ದಾಪು. ಆಮೇಲೆ ಮೂಲೆಯಲ್ಲಿ ನಿಂತು ಕಣ್ಣು ಮುಚ್ಚಿ ಇಡೀ ಕೋರ್ಸ್ ಬೆರಳಲ್ಲಿ ಬರೆಯುತ್ತೇನೆ. ನೋಡುವವರು ಏನಾದರೂ ಅಂದುಕೊಳ್ಳಲಿ.

ವಾರ್ಮ್‌ಅಪ್ ಕಡಿಮೆ ಮಾಡಿದೆ. ಟೀ ಬಿಟ್ಟೆ. ಬೆಳಿಗ್ಗೆ ಒಂದು ಬಾಳೆಹಣ್ಣು, ಎರಡು ಇಡ್ಲಿ. ನೆಂಟರನ್ನು ಕರೆಯುವುದಿಲ್ಲ.

ಬೆಲ್ ಹೊಡೆದ ಮೇಲೆ ಸ್ಟಾರ್ಟ್ ಗೆರೆ ದಾಟಲು 45 ಸೆಕೆಂಡು ಸಿಗುತ್ತದೆ. ನನಗೆ ಅದು ಗೊತ್ತಿದ್ದರೂ ಬೆಲ್ ಕೇಳಿದ್ದೇ ನುಗ್ಗುತ್ತಿದ್ದೆ. ಈಗ ಒಂದು ಸುತ್ತು ಕ್ಯಾಂಟರ್ ಮಾಡಿ, ಕುದುರೆಯ ಕುತ್ತಿಗೆ ಒಮ್ಮೆ ಸವರಿ, ಮಗ್ಗಿ ಶುರು ಮಾಡಿ ಆಮೇಲೆ ಒಂದನೇ ಜಂಪ್ ಕಡೆ ತಿರುಗುತ್ತೇನೆ.

ಹೊಟ್ಟೆ ತೊಳೆಸುವುದು ನಿಂತಿಲ್ಲ. ಕಳೆದ ಸಲವೂ ಕೈ ನಡುಗುತ್ತಿತ್ತು, ಹೆಲ್ಮೆಟ್‌ನ ಬಕಲನ್ನು ನಮ್ಮ ಸೈಸ್ ಹಾಕಿಕೊಟ್ಟರು. ಕೊನೆಯ ಜಂಪ್‌ನಲ್ಲಿ ಒಂದು ಕಂಬ ಬಿತ್ತು, ನಾಲ್ಕು ಫಾಲ್ಟ್, ಅಂದರೆ ದಂಡದ ಅಂಕ. ಹೊರಗೆ ಬಂದಾಗ ಗೇಟ್ ಹತ್ತಿರ ನಿಂತಿದ್ದ ಪುಟ್ಟ ಹುಡುಗ ಅಮ್ಮನನ್ನು ಕೇಳುತ್ತಿದ್ದ: "ಆ ಆಂಟಿ ಕುದುರೆಗೆ ಮಗ್ಗಿ ಯಾಕೆ ಹೇಳಿಕೊಡ್ತಿದ್ರು?"