ಹಳೆಯ ಶೆಲ್ ಕೇಸಿಗೆ ಹುಣಸೆಹುಳಿ ಮುಟ್ಟಿಸಬೇಡಿ

ಎರಡನೇ ಮಹಾಯುದ್ಧದ ವಿಮಾನವಿರೋಧಿ ಫಿರಂಗಿಗಳ ಖಾಲಿ ಹಿತ್ತಾಳೆ ಕೇಸುಗಳು (ಗುಂಡಿನ ಹಿಂದೆ ಸಿಡಿಮದ್ದು ತುಂಬುವ ಕೊಳವೆಗಳು) ಗುಜರಿ ಅಂಗಡಿಗಳಲ್ಲಿ, ಮಾಜಿ ಸೈನಿಕರ ಮನೆಗಳಲ್ಲಿ ಹೂದಾನಿಯಾಗಿ ಸಿಗುವುದುಂಟು. ‘ಯುದ್ಧಕಾಲದಲ್ಲಿ ಬಜ್ಪೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿದ್ದು’ ಎಂದು ಯಾರಾದರೂ ಬೆಲೆ ಏರಿಸಿದರೆ ಒಪ್ಪಬೇಡಿ. ಆ ನಿಲ್ದಾಣ ತೆರೆದದ್ದೇ 1951ರಲ್ಲಿ.

ಮೊದಲು ಉದ್ದ ಅಳೆಯಿರಿ. 311 ಮಿ.ಮೀ. ಇದ್ದರೆ 40 ಮಿ.ಮೀ. ಬೋಫೋರ್ಸ್ ಎಲ್/60 ಎಂಬ ಫಿರಂಗಿಯದು. ಸುಮಾರು 364 ಇದ್ದರೆ ಎಲ್/70ರದ್ದು, ಅಂದರೆ ಯುದ್ಧ ಮುಗಿದ ಮೇಲೆ ಬಂದ ಫಿರಂಗಿ. ಬ್ರಿಟಿಷರ 3.7 ಇಂಚಿನ ಫಿರಂಗಿಯದು 675 ಮಿ.ಮೀ. ಹೂದಾನಿಗಾಗಿ ಬಾಯಿ ಕತ್ತರಿಸಿದ್ದರೆ ಈ ಲೆಕ್ಕ ನಡೆಯದು. ಆಗ ತಳದಲ್ಲಿ ಒತ್ತಿದ ಬಾಣದ ಗುರುತು (ಬ್ರಿಟಿಷ್ ಸರ್ಕಾರದ ಸೊತ್ತಿನ ಮುದ್ರೆ), ವರ್ಷಗಳೇ ಆಧಾರ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೊ ತೆಗೆದರೆ ಸವೆದ ಅಕ್ಷರವೂ ಕಾಣುತ್ತದೆ.

ತಳದ ಪ್ರೈಮರಿನಲ್ಲಿ (ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆಯಲ್ಲಿ) ಪಿನ್ ಬಡಿದ ಗುಳಿ ಇದೆ ಎಂದು ಧೈರ್ಯಪಡಬೇಡಿ. ಬಡಿದರೂ ಸಿಡಿಯದೆ ಉಳಿದವು ಇರುತ್ತವೆ. ಪ್ರೈಮರನ್ನು ಬಿಚ್ಚುವುದು, ಕೊರೆಯುವುದು, ಕಾಯಿಸುವುದು ಬೇಡವೇ ಬೇಡ. ಬಾಯಲ್ಲಿ ಗುಂಡು ಅಥವಾ ಅದನ್ನು ಸಿಡಿಸುವ ಫ್ಯೂಸ್ ಕೂತಿದ್ದರೆ, ಒಳಗೆ ಕಂದು ಕಡ್ಡಿಗಳಂಥ ಕಾರ್ಡೈಟ್ ಎಂಬ ಸಿಡಿಮದ್ದು ಕಂಡರೆ ಅಲುಗಿಸದೆ ದೂರ ಸರಿದು 112ಕ್ಕೆ ಕರೆ ಮಾಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ‘ಮದ್ದುಗುಂಡು’ ಎಂದರೆ ಅದರ ಬಿಡಿಭಾಗಗಳೂ ಸೇರುತ್ತವೆ. ಆದ್ದರಿಂದ ಕೊಳ್ಳುವ ಮುನ್ನವೇ ಪೊಲೀಸರನ್ನು ಲಿಖಿತವಾಗಿ ಕೇಳಿ, ಬಿಲ್ಲು ಇಟ್ಟುಕೊಳ್ಳಿ. ಹಳೆಯ ಏರ್‌ಫೀಲ್ಡಿನ ನೆಲವನ್ನು ನೀವೇ ಅಗೆಯಲು ಹೋಗಬೇಡಿ.

ಇನ್ನು ಕಾಪಾಡುವ ಕೆಲಸ. ನಮ್ಮ ಕರಾವಳಿಯಲ್ಲಿ ಕೇಸುಗಳು ಹಾಳಾಗುವುದು ಹೆಚ್ಚಾಗಿ ಪ್ರೀತಿಯಿಂದ ತಿಕ್ಕಿದ್ದರಿಂದಲೇ. ದೀಪ ಬೆಳಗುವ ಹಾಗೆ ಹುಣಸೆಹುಳಿ, ಬಿಂಬುಳಿ ಹಾಕಿ ಉಜ್ಜಿದರೆ ಹುಳಿ ಹಿತ್ತಾಳೆಯಲ್ಲಿರುವ ಸತುವನ್ನು ಎಳೆದುಕೊಳ್ಳುತ್ತದೆ. ತಾಮ್ರದ ಕೆಂಪು ಕಲೆ ಉಳಿಯುತ್ತದೆ, ಅದು ಮತ್ತೆ ಹೋಗದು. ಅಮೋನಿಯ ಇರುವ ಪಾಲಿಶ್ ಅದಕ್ಕಿಂತ ಅಪಾಯ. ಬ್ರಿಟಿಷ್ ಭಾರತದಲ್ಲಿ ಮಳೆಗಾಲಕ್ಕೆ ಕುದುರೆ ಲಾಯಗಳಲ್ಲಿಟ್ಟ ಹಿತ್ತಾಳೆ ತೋಟಾಗಳು ತಾವಾಗಿಯೇ ಬಿರಿಯುತ್ತಿದ್ದವು. ಕಾರಣ ಸ್ಪಷ್ಟವಾದದ್ದು 1921ರಲ್ಲಿ: ಮೂತ್ರದ ಅಮೋನಿಯ, ಗಾಳಿಯ ತೇವ, ಹಿತ್ತಾಳೆಯನ್ನು ಎಳೆದು ರೂಪಿಸುವಾಗ ಒಳಗೆ ಉಳಿದ ಬಿಗಿತ, ಮೂರೂ ಕೂಡಿದ್ದವು. ಹಾಗಾಗಿ ಹಟ್ಟಿಯ ಪಕ್ಕದ ಕೋಣೆ, ಬಚ್ಚಲಿನ ಕಪಾಟು ಇದಕ್ಕೆ ತಕ್ಕ ಜಾಗವಲ್ಲ.

ಡಿಸ್ಟಿಲ್ಡ್ ನೀರಿಗೆ ಎರಡು ಹನಿ ಸೌಮ್ಯ ಸೋಪು ಬೆರೆಸಿ, ಮೆತ್ತಗಿನ ಬ್ರಷ್‌ನಿಂದ ತೊಳೆಯಿರಿ. ಬಾವಿನೀರು ಬೇಡ, ಅದರಲ್ಲಿ ಉಪ್ಪಿರಬಹುದು. ಒಣಬಟ್ಟೆಯಿಂದ ಒರೆಸಿ ಒಂದು ದಿನ ನೆರಳಲ್ಲಿ ಆರಿಸಿ. ಆಮೇಲೆ ಮೈಕ್ರೊಕ್ರಿಸ್ಟಲೈನ್ ಮೇಣವನ್ನು (ವಸ್ತುಸಂಗ್ರಹಾಲಯಗಳಲ್ಲಿ ಲೋಹಕ್ಕೆ ಹಚ್ಚುವ ಮೇಣ) ತೆಳ್ಳಗೆ ಹಚ್ಚಿ. ಕಪ್ಪಾದ ಬಣ್ಣ ಹಾಗೇ ಇರಲಿ, ಅದು ಲೋಹಕ್ಕೆ ಹೊದಿಕೆ. ಪುಡಿಪುಡಿಯಾದ ತಿಳಿಹಸಿರು ಚುಕ್ಕೆ ಎದ್ದರೆ ಮಾತ್ರ ಆತಂಕ ಪಡಬೇಕು: ಒಳಗೆ ಉಪ್ಪಿನ ಕ್ಲೋರೈಡ್ ಸೇರಿದೆ. ಅಂಥದ್ದನ್ನು ಬೇರೆಯಿಟ್ಟು ಸಂರಕ್ಷಣಾ ತಜ್ಞರಿಗೆ ತೋರಿಸಿ.

ಜೂನ್ ಹತ್ತಿರವಾದಂತೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಮರದ ಪೆಟ್ಟಿಗೆ, ದಿನಪತ್ರಿಕೆ ಎರಡೂ ಆಮ್ಲದ ಹಬೆ ಬಿಡುತ್ತವೆ. 20 ಲೀಟರ್ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ 400 ಗ್ರಾಂ ಬೇಕು. ಚಿಕ್ಕ ಪೊಟ್ಟಣ ಎರಡು ಹಾಕಿದರೆ ನಮ್ಮ ಮಳೆಗೆ ಏನೂ ಸಾಲದು. ಜೊತೆಗೊಂದು ಆರ್ದ್ರತೆ ಮಾಪಕ ಇಡಿ. ಮುಳ್ಳು 45 ಶೇಕಡ ದಾಟಿದರೆ ಜೆಲ್ಲನ್ನು ಒಣಗಿಸಿ ಮತ್ತೆ ಹಾಕಿ. ತಿಂಗಳಿಗೊಮ್ಮೆ ಬಾಯಿಯಂಚನ್ನು ಭೂತಗನ್ನಡಿಯಲ್ಲಿ ನೋಡಿ. ಉದ್ದುದ್ದದ ಕೂದಲೆಳೆ ಬಿರುಕು ಮೊದಲು ಏಳುವುದು ಅಲ್ಲೇ. ಬಿರುಕು ಬಿಟ್ಟದ್ದಕ್ಕೆ ಬೆಸುಗೆ ಹಾಕಿಸಬೇಡಿ, ಮಲಗಿಸಿ ಇಡಿ.