ಅಡಿಕೆ ತೋಟಕ್ಕೆ ಅಗ್ಗದ ಟ್ರೇಲ್ ಕ್ಯಾಮೆರಾ ಆರಿಸಿದ ಬಗೆ: ನನ್ನ ಅನುಭವ

ತೀರ್ಥಹಳ್ಳಿ ಸೀಮೆಯ ನಮ್ಮ ತೋಟಕ್ಕೆ ಒಂದು ಕಡೆ ಗದ್ದೆಬಯಲು, ಉಳಿದ ಮೂರು ಕಡೆ ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಹೊಸದಾಗಿ ನೆಟ್ಟ ಅಡಿಕೆ ಸಸಿಗಳನ್ನು ಯಾವುದೋ ಪ್ರಾಣಿ ಬುಡದಲ್ಲೇ ಕಡಿದು ಹಾಕುವುದು, ಬಾಳೆಯ ಗಡ್ಡೆಯನ್ನು ಬಗೆದು ತಿನ್ನುವುದು ಇಲ್ಲಿ ಪ್ರತಿವರ್ಷದ ಮಾತು. ಅದು ಕಾಡುಹಂದಿಯೋ, ಮುಳ್ಳುಹಂದಿಯೋ, ಕಡವೆಯೋ ಎಂಬ ವಿಷಯದಲ್ಲಿ ಮಾತ್ರ ಮನೆಯವರಲ್ಲೇ ಒಮ್ಮತವಿರಲಿಲ್ಲ. ಬೇಲಿಗೆ ಹಣ ಹಾಕುವ ಮುನ್ನ ಇದು ಇತ್ಯರ್ಥವಾಗಬೇಕಿತ್ತು, ಏಕೆಂದರೆ ಹಂದಿಯನ್ನು ತಡೆಯುವ ಬೇಲಿ ಬೇರೆ, ಕಡವೆಯನ್ನು ತಡೆಯುವ ಬೇಲಿ ಬೇರೆ, ಮಂಗಕ್ಕಂತೂ ಬೇಲಿಯೆಂಬುದು ಲೆಕ್ಕಕ್ಕೇ ಇಲ್ಲ. ಹೀಗಾಗಿ 8,000 ರೂಪಾಯಿಯ ಮಿತಿ ಹಾಕಿಕೊಂಡು, ಪ್ರಾಣಿ ಎದುರು ಬಂದಾಗ ತಾನೇ ಚಿತ್ರ ತೆಗೆಯುವ ಟ್ರೇಲ್ ಕ್ಯಾಮೆರಾವೊಂದನ್ನು ಹುಡುಕಲು ಹೊರಟೆ.

ಈ ಸಾಧನಕ್ಕೆ ದೊಡ್ಡ ಮಾರುಕಟ್ಟೆ ಇರುವುದು ಅಮೆರಿಕದ ಬೇಟೆಗಾರರಲ್ಲಿ. ಬೇಟೆಯ ಕಾಲ ಆರಂಭವಾಗುವ ಮೊದಲೇ ಜಿಂಕೆ ಯಾವ ದಾರಿಯಲ್ಲಿ, ಯಾವ ಹೊತ್ತಿಗೆ ಓಡಾಡುತ್ತದೆ ಎಂದು ತಿಳಿಯಲು ಅವರು ಇದನ್ನು ಮರಕ್ಕೆ ಕಟ್ಟುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಕ್ಯಾಮೆರಾ ನೋಡಿಕೊಂಡು ಉರುಳು ಹಾಕಲು ಹೊರಟವರಿಗೆ ಈ ಬರಹದಿಂದ ಪ್ರಯೋಜನವಿಲ್ಲ. ಆದರೆ ಸಾಧನದ ಗುಣದೋಷಗಳನ್ನು ಕೂಲಂಕಷವಾಗಿ ಪರೀಕ್ಷಿಸಿ ಹೇಳುವವರು ಹೆಚ್ಚಾಗಿ ಆ ಬೇಟೆಗಾರರೇ ಆದ್ದರಿಂದ, ಅವರ ಮಾತನ್ನು ನಮ್ಮ ತೋಟಕ್ಕೆ ಹೊಂದಿಸಿ ಓದಿಕೊಳ್ಳಬೇಕಾಗುತ್ತದೆ. ಅವರು ನೋಡುವುದು ತೆರೆದ ಬಯಲಿನಲ್ಲಿ ದೂರ ನಿಂತ ಜಿಂಕೆಯ ಕೊಂಬನ್ನು. ನಾವು ನೋಡಬೇಕಾದದ್ದು ಮಳೆಗಾಲದ ಕತ್ತಲಲ್ಲಿ ನಾಲ್ಕು ಮಾರು ದೂರದಲ್ಲಿ ನೆಲ ಬಗೆಯುವ ಮೂತಿಯನ್ನು.

ಪೆಟ್ಟಿಗೆಯ ಮೇಲೆ ಎದ್ದು ಕಾಣುವ ಮೆಗಾಪಿಕ್ಸೆಲ್ ಸಂಖ್ಯೆಯನ್ನು ನಾನು ಮೊದಲೇ ಬದಿಗಿಟ್ಟೆ. ಅಗ್ಗದ ಕ್ಯಾಮೆರಾಗಳ ಒಳಗಿನ ಸೆನ್ಸರ್ ವಾಸ್ತವವಾಗಿ ಕೆಲವೇ ಮೆಗಾಪಿಕ್ಸೆಲ್‌ಗಳದ್ದಾಗಿದ್ದು, ಅದು ಕೊಟ್ಟ ಚಿತ್ರವನ್ನು ತಂತ್ರಾಂಶ ಹಿಗ್ಗಿಸಿದ ಮೇಲೆ ಬರುವ ಅಂಕಿ ಈ 24, 36, 48. ಹಾಗೆ ಹಿಗ್ಗಿಸಿದ ಚಿತ್ರದಲ್ಲಿ ಹೊಸ ವಿವರವೇನೂ ಇರುವುದಿಲ್ಲ, ಚಿತ್ರ ಉಳಿಸುವ ಮೆಮೊರಿ ಕಾರ್ಡ್ ಮಾತ್ರ ಬೇಗ ತುಂಬುತ್ತದೆ. 1990ರ ದಶಕದಲ್ಲಿ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ಗಳಿಂದ ಹುಲಿ ಎಣಿಕೆ ನಡೆಸಿದಾಗ ಪ್ರತಿ ಹುಲಿಯ ಪಟ್ಟೆಯನ್ನು ಬಿಡಿಬಿಡಿಯಾಗಿ ಗುರುತಿಸುವಷ್ಟು ಸ್ಪಷ್ಟ ಚಿತ್ರ ಬೇಕಿತ್ತು. ನನಗೆ ಬೇಕಾದದ್ದು ಯಾವ ಪ್ರಾಣಿ ಎಂಬುದಷ್ಟೇ. ಅದಕ್ಕೆ ಎರಡು ಮೆಗಾಪಿಕ್ಸೆಲ್ ಧಾರಾಳ ಸಾಕು.

ನಿಜವಾಗಿ ನೋಡಬೇಕಾದದ್ದು ಪ್ರಾಣಿ ಎದುರು ಬಂದ ಎಷ್ಟು ಹೊತ್ತಿಗೆ ಚಿತ್ರ ಸೆರೆಯಾಗುತ್ತದೆ ಎಂಬುದನ್ನು. ಕ್ಯಾಮೆರಾದ ಮುಂಭಾಗದಲ್ಲಿರುವ, ಪಿಐಆರ್ ಎಂದು ಕರೆಯುವ ಸೆನ್ಸರ್ ಪ್ರಾಣಿಯನ್ನು ಕಾಣುವುದಿಲ್ಲ, ಅದರ ಮೈಶಾಖದ ಚಲನೆಯನ್ನು ಗ್ರಹಿಸುತ್ತದೆ. ಅದರ ಮೇಲಿನ ಗೆರೆಗೆರೆಯಾದ ಪ್ಲಾಸ್ಟಿಕ್ ಮಸೂರ ಎದುರಿನ ಜಾಗವನ್ನು ಪಟ್ಟಿಗಳಾಗಿ ವಿಂಗಡಿಸುತ್ತದೆ. ಸುತ್ತಲಿಗಿಂತ ಬೆಚ್ಚಗಿರುವ ಮೈಯೊಂದು ಒಂದು ಪಟ್ಟಿಯಿಂದ ಮತ್ತೊಂದಕ್ಕೆ ದಾಟಿದಾಗ ಸೆನ್ಸರ್ ಸಂಕೇತ ಕೊಡುತ್ತದೆ. ಈ ಕಾರಣದಿಂದ ಅಡ್ಡಹಾಯುವ ಪ್ರಾಣಿ ಬೇಗ ಸಿಗುತ್ತದೆ, ನೇರ ಎದುರಾಗಿ ಬರುವುದು ತಡವಾಗಿ ಸಿಗುತ್ತದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ನೆಲದ ಶಾಖವೂ ಮೈಯ ಶಾಖವೂ ಹತ್ತಿರ ಹತ್ತಿರ ಬಂದಾಗ ಕೆಲವು ಸಿಗುವುದೇ ಇಲ್ಲ. ಸಂಕೇತ ಬಂದ ಮೇಲೆ ಚಿತ್ರ ತೆಗೆಯಲು ಒಳ್ಳೆಯ ಕ್ಯಾಮೆರಾ ಅರ್ಧ ಸೆಕೆಂಡಿಗಿಂತ ಕಡಿಮೆ ತೆಗೆದುಕೊಂಡರೆ, ಕೆಲವು ಅಗ್ಗದವು ಒಂದು ಸೆಕೆಂಡನ್ನೂ ಮೀರುತ್ತವೆ. ಅಷ್ಟರಲ್ಲಿ ದಣಪೆ (ಬೇಲಿಯ ನಡುವಿನ ದಾಟುದಾರಿ) ದಾಟುವ ಹಂದಿಯ ಬಾಲವೂ ಉಳಿದಿರುವುದಿಲ್ಲ. ಮಾರುವವರು ಬರೆದ ಅಂಕಿಯನ್ನು ಹಾಗೆಯೇ ನಂಬದೆ, ಪೇಟೆಯ ಪರಿಚಯದ ಅಂಗಡಿಯಲ್ಲಿ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, ಅದರ ಎದುರು ಚುರುಕಾಗಿ ಅಡ್ಡ ನಡೆದು, ಚಿತ್ರದಲ್ಲಿ ನಾನು ಎಲ್ಲಿ ಸಿಕ್ಕಿದ್ದೇನೆ ಎಂದು ನೋಡಿದೆ. ಒಂದರಲ್ಲಿ ಬೆನ್ನು ಮಾತ್ರ ಸಿಕ್ಕಿತ್ತು, ಮತ್ತೊಂದರಲ್ಲಿ ನಟ್ಟನಡುವೆ ಇದ್ದೆ. ಅಂಗಡಿಯವರಿಗೆ ಇದು ತಮಾಷೆಯಾಗಿ ಕಂಡರೂ ಆಯ್ಕೆಯನ್ನು ಬಹುಪಾಲು ನಿರ್ಧರಿಸಿದ್ದು ಈ ಪರೀಕ್ಷೆಯೇ.

ರಾತ್ರಿಯ ಬೆಳಕಿನ ವಿಷಯದಲ್ಲಿ ಎರಡು ಬಗೆ ಇವೆ. 850 ನ್ಯಾನೋಮೀಟರಿನ ಅವಗೆಂಪು (ಇನ್ಫ್ರಾರೆಡ್) ದೀಪ ದೂರದವರೆಗೆ ಬೆಳಕು ಚೆಲ್ಲುತ್ತದೆ, ಆದರೆ ಉರಿಯುವಾಗ ಮಂದವಾದ ಕೆಂಪು ಚುಕ್ಕಿಗಳು ಮನುಷ್ಯನ ಕಣ್ಣಿಗೂ ಕಾಣುತ್ತವೆ. 940 ನ್ಯಾನೋಮೀಟರಿನದು ಕಣ್ಣಿಗೆ ಕಾಣುವುದಿಲ್ಲ, ಅದರ ವ್ಯಾಪ್ತಿ ಮಾತ್ರ ಕಡಿಮೆ. ಬಯಲಿನಲ್ಲಿ ಇಡುವವರು 850 ಆರಿಸುವುದರಲ್ಲಿ ಅರ್ಥವಿದೆ. ಅಡಿಕೆ ತೋಟದಲ್ಲಿ ಒಂಬತ್ತು ಅಡಿಗೊಂದರಂತೆ ಮರ, ನಡುವೆ ಬಾಳೆ, ಏಲಕ್ಕಿ, ಕಾಳುಮೆಣಸಿನ ಬಳ್ಳಿ. ಹತ್ತು ಮೀಟರಿನ ಆಚೆ ಹಗಲಿನಲ್ಲೇ ಏನೂ ಕಾಣದಿರುವಾಗ ಇಪ್ಪತ್ತೈದು ಮೀಟರಿನ ಬೆಳಕಿಗೆ ಹಣ ಕೊಡುವುದೇಕೆ? ರಾತ್ರಿ ಬೆಟ್ಟದ ಕಾಲುದಾರಿಯಲ್ಲಿ ಜನರೂ ಓಡಾಡುತ್ತಾರೆ, ಕೆಂಪು ಚುಕ್ಕಿ ಕಂಡರೆ ಕ್ಯಾಮೆರಾ ಅಲ್ಲೇ ಉಳಿಯುತ್ತದೆಂಬ ಭರವಸೆಯಿಲ್ಲ. ಹೀಗಾಗಿ 940ರದ್ದನ್ನೇ ಆರಿಸಿಕೊಂಡೆ.

ಮಲೆನಾಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಮಳೆ. ನಮ್ಮ ತಾಲ್ಲೂಕಿನದೇ ಆದ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರನ್ನು ಮೀರುತ್ತದೆ. ಐಪಿ66 ಎಂಬ ಮುದ್ರೆ ದೂಳನ್ನೂ ರಭಸದಿಂದ ಚಿಮ್ಮುವ ನೀರನ್ನೂ ಪೆಟ್ಟಿಗೆ ತಡೆಯುತ್ತದೆ ಎಂದಷ್ಟೇ ಹೇಳುತ್ತದೆ. ಕಾರ್ಡ್ ತೆಗೆಯಲೆಂದು ಬಾಗಿಲು ತೆರೆದಾಗ ಒಳಸೇರುವ ತೇವದ ಗಾಳಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆ ತೇವ ರಾತ್ರಿ ತಣ್ಣಗಾದಾಗ ಮಸೂರದ ಒಳಮೈಯಲ್ಲಿ ಮಂಜಾಗಿ ಕೂರುತ್ತದೆ, ಚಿತ್ರವೆಲ್ಲ ಹಾಲಿನಂತೆ ಬೆಳ್ಳಗಾಗುತ್ತದೆ. ಆದ್ದರಿಂದ ಕೊಳ್ಳುವಾಗ ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿ ದಪ್ಪವಾಗಿ, ಒಂದೇ ತುಂಡಾಗಿ ಇದೆಯೇ, ಕೊಂಡಿಗಳು ಬಿಗಿಯಾಗಿ ಕೂರುತ್ತವೆಯೇ ಎಂದು ಬೆರಳಿನಿಂದ ಒತ್ತಿ ನೋಡಬೇಕು. ಒಳಗೆ ಸಿಲಿಕಾ ಜೆಲ್‌ನ ಸಣ್ಣ ಪೊಟ್ಟಣ ಇಡಲು ಜಾಗವಿರಬೇಕು. ತೇವ ಹೀರಿದ ಪೊಟ್ಟಣವನ್ನು ಬಚ್ಚಲ ಒಲೆಯ ಬಳಿ ಬಿಸಿಗಿಟ್ಟು ಒಣಗಿಸಿ ಮತ್ತೆ ಬಳಸುತ್ತೇನೆ. ಕಾರ್ಡ್ ಬದಲಿಸುವುದು ಮಳೆ ಹೊಳವಾದ ಮಧ್ಯಾಹ್ನದಲ್ಲಿ ಮಾತ್ರ.

ಕೊಳೆರೋಗಕ್ಕೆ ಅಂಜಿ ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವಂತೆ ಕ್ಯಾಮೆರಾಕ್ಕೂ ಪ್ಲಾಸ್ಟಿಕ್ ಸುತ್ತಿದರಾಯಿತು ಎಂದು ಸಲಹೆ ಕೊಟ್ಟವರಿದ್ದಾರೆ. ಅದು ನಡೆಯದು; ಪ್ಲಾಸ್ಟಿಕ್ಕಿಗೆ ಬಡಿದ ರಾತ್ರಿದೀಪ ಹಿಂದಿರುಗಿ ಮಸೂರಕ್ಕೇ ಕುಕ್ಕುತ್ತದೆ. ಗಾಜಿನ ಪೆಟ್ಟಿಗೆಯೊಳಗೆ ಇಟ್ಟರಂತೂ ಮೈಶಾಖದ ಕಿರಣಗಳು ಗಾಜನ್ನು ದಾಟದೆ ಸೆನ್ಸರ್ ಕುರುಡಾಗುತ್ತದೆ. ನಾನು ಮಾಡಿದ್ದು ಇಷ್ಟೆ: ಅಗಲವಾದ ಅಡಿಕೆ ಹಾಳೆಯೊಂದನ್ನು ಕ್ಯಾಮೆರಾದ ಮೇಲೆ ಸೂರಿನಂತೆ ಮುಂದಕ್ಕೆ ಚಾಚಿ ಕಟ್ಟಿದೆ. ಹಾಳೆ ಕೊಳೆತಾಗ ಮತ್ತೊಂದು, ತೋಟದಲ್ಲಿ ಅದಕ್ಕೇನು ಬರ.

ವಿದ್ಯುತ್ ಕೋಶಗಳದ್ದು ಕೊಂಡ ಮೇಲೆ ತಿಳಿಯುವ ಖರ್ಚು. ಇಂಥ ಹಲವು ಕ್ಯಾಮೆರಾಗಳು ಎಂಟು ಎಎ ಕೋಶಗಳನ್ನು ಬೇಡುತ್ತವೆ. ಸಾಮಾನ್ಯ ಆಲ್ಕಲೈನ್ ಕೋಶ 1.5 ವೋಲ್ಟಿನಿಂದ ಆರಂಭವಾಗಿ ಇಳಿಯುತ್ತಾ ಹೋಗುತ್ತದೆ, ಬಿಟ್ಟರೆ ಸೋರಿ ತುಕ್ಕು ಹಿಡಿಸುತ್ತದೆ. ಮರುಚಾರ್ಜ್ ಮಾಡಬಹುದಾದ ನಿಕೆಲ್ ಮೆಟಲ್ ಹೈಡ್ರೈಡ್ ಕೋಶ 1.2 ವೋಲ್ಟಿನ ಆಸುಪಾಸಿನಲ್ಲಿ ಬಹುಕಾಲ ಸ್ಥಿರವಾಗಿ ನಿಲ್ಲುತ್ತದೆ; ಆದರೆ ಕೆಲವು ಕ್ಯಾಮೆರಾಗಳು ಈ 1.2ನ್ನೇ ಕೋಶ ಬರಿದಾಗಿದೆ ಎಂದು ತಿಳಿದು ರಾತ್ರಿದೀಪ ಮಂಕು ಮಾಡುತ್ತವೆ. ಮರುಚಾರ್ಜ್ ಕೋಶ ಬಳಸಬಹುದು ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿರುವ ಮಾದರಿಯನ್ನೇ ಕೊಂಡದ್ದು ಇದಕ್ಕಾಗಿ. ರಾತ್ರಿ ವಿಡಿಯೊ ಕೋಶಗಳನ್ನು ಬೇಗ ನುಂಗುವುದರಿಂದ ಒಂದು ಸಂಕೇತಕ್ಕೆ ಮೂರು ಸ್ಥಿರಚಿತ್ರ, ನಂತರ ಒಂದು ನಿಮಿಷ ವಿರಾಮ ಎಂದು ಹೊಂದಿಸಿದ್ದೇನೆ. ಕಾರ್ಡ್ 32 ಜಿಬಿಯದು ಸಾಕು.

ಸಿಮ್ ಹಾಕಿ ಫೋನಿಗೇ ಚಿತ್ರ ಕಳುಹಿಸುವ ಮಾದರಿಗಳನ್ನು ನಾನು ನೋಡಲೇ ಇಲ್ಲ. ಹೊರದೇಶದ ಬೇಟೆಗಾರರಿಗಾಗಿ ಮಾಡಿದವು ನಮ್ಮ 4ಜಿ ತರಂಗಪಟ್ಟಿಗಳಿಗೆ ಹೊಂದದಿರಬಹುದು. ಹೊಂದಿದರೂ ತೋಟದ ತಗ್ಗಿನಲ್ಲಿ ಮಾತಾಡುವುದಕ್ಕೇ ಸಿಗ್ನಲ್ ಇಲ್ಲ.

ಕ್ಯಾಮೆರಾವನ್ನು ಅಡಿಕೆ ಮರಕ್ಕೆ ಕಟ್ಟಬಾರದು. ಗಾಳಿಗೆ ಮರ ತೊನೆದಾಡಿದರೆ, ಬಿಸಿಲುಬಿದ್ದ ಎಲೆಗಳನ್ನೆಲ್ಲ ಪ್ರಾಣಿಯೆಂದು ಭಾವಿಸಿ ಕ್ಯಾಮೆರಾ ಕಾರ್ಡ್ ತುಂಬಿಸುತ್ತದೆ. ಅಂಚಿನಲ್ಲಿರುವ ಹಲಸಿನ ಮರಕ್ಕೆ ಮೊಣಕಾಲೆತ್ತರದಲ್ಲಿ, ಪ್ರಾಣಿಗಳ ಜಾಡಿಗೆ ಓರೆಯಾಗಿ, ಉತ್ತರಕ್ಕೆ ಮುಖಮಾಡಿ ಕಟ್ಟಿ, ಮುಂದಿನ ಹುಲ್ಲನ್ನು ಸವರಿದ್ದೇನೆ. ಇರುವೆ ಒಳಸೇರದಂತೆ ಕ್ಯಾಮೆರಾವನ್ನು ಮರಕ್ಕೆ ಬಿಗಿದ ಪಟ್ಟಿಗೆ ಗ್ರೀಸ್ ಸವರಬೇಕು. ಮಸೂರದೆದುರು ಜೇಡ ಬಲೆ ನೇಯ್ದರೆ ರಾತ್ರಿ ಚಿತ್ರದಲ್ಲಿ ಬಿಳಿ ಗೆರೆಗಳಲ್ಲದೆ ಬೇರೇನೂ ಇರದು. ಸೊಪ್ಪಿನಬೆಟ್ಟದ ಸೊಪ್ಪು ನಮ್ಮದಾದರೂ ಜಾಗ ಸರ್ಕಾರದ್ದು. ಆದ್ದರಿಂದ ಕ್ಯಾಮೆರಾ ಸ್ವಂತ ತೋಟದ ಗಡಿಯೊಳಗೇ ಇರಲಿ. ಶೆಟ್ಟಿಹಳ್ಳಿಯಂಥ ಅಭಯಾರಣ್ಯದ ಒಳಗಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಛಾಯಾಗ್ರಹಣಕ್ಕೆ ಹೋಗುವಂತೆಯೇ ಇಲ್ಲ. ಕೆಲಸದವರಿಗೂ ನೆರೆಯವರಿಗೂ ಕ್ಯಾಮೆರಾ ಎಲ್ಲಿದೆ ಎಂದು ಹೇಳಿಟ್ಟಿದ್ದೇನೆ, ಯಾರ ಓಡಾಟದ ಮೇಲೂ ಕಣ್ಣಿಡುವ ಉದ್ದೇಶ ನನ್ನದಲ್ಲ.

ಚಿತ್ರಗಳು ಕೊಟ್ಟ ಉತ್ತರ ಹೀಗಿತ್ತು: ಸಸಿಯ ಬುಡ ಕಡಿಯುತ್ತಿದ್ದುದು ಮುಳ್ಳುಹಂದಿ, ನಡುರಾತ್ರಿ ಕಳೆದ ಮೇಲೆ, ಬಾಳೆಗಡ್ಡೆ ಬಗೆಯುತ್ತಿದ್ದುದು ಮರಿಗಳೊಡನೆ ಬರುವ ಕಾಡುಹಂದಿ, ಅದಕ್ಕೂ ಮೊದಲೇ. ಕಡವೆ ಒಮ್ಮೆಯೂ ಒಳಗೆ ಬಂದಿರಲಿಲ್ಲ. ಹೀಗಾಗಿ ಆಳೆತ್ತರದ ಬೇಲಿಯ ಯೋಚನೆ ಬಿಟ್ಟು, ಹಂದಿಯ ಮೂತಿಗೆ ತಾಗುವಷ್ಟು ತಗ್ಗಿನಲ್ಲಿ ಸೋಲಾರ್ ತಂತಿಯ ಎರಡು ಸಾಲು ಎಳೆಸಿದೆ. ಮುಳ್ಳುಹಂದಿ ತೋಡಿ ನುಗ್ಗುವ ಜಾತಿಯಾದ್ದರಿಂದ ಪ್ರತಿ ಸಸಿಗೆ ತಂತಿಬಲೆಯ ಗೂಡು ಮಾಡಿ ಅದರ ಅಂಚನ್ನು ಮಣ್ಣಿನೊಳಗೆ ಹೂಳಿಸಿದೆ. ದಿನಾಂಕ, ಗಂಟೆ ನಮೂದಾದ ಚಿತ್ರಗಳನ್ನು ತೆಗೆದಿಟ್ಟಿದ್ದೇನೆ; ಅರಣ್ಯ ಇಲಾಖೆಗೆ ಬೆಳೆಹಾನಿ ಪರಿಹಾರದ ಅರ್ಜಿ ಹಾಕುವಾಗ ಅವನ್ನೂ ಲಗತ್ತಿಸಬಹುದು. ಈಗ ಕ್ಯಾಮೆರಾ ಇರುವುದು ಗದ್ದೆಯ ಕಡೆಯ ದಣಪೆಯ ಬಳಿ, ತಂತಿ ತಪ್ಪಿಸಿದ ಹಂದಿಗಳು ಆ ಬದಿಯಿಂದ ಸುತ್ತಿ ಬರುತ್ತಿವೆಯೇ ಎಂದು ನೋಡಲು.