ದೇವರು ಕೊಟ್ಟ ವರವನ್ನು ಸೇವೆಗೆ ಒಪ್ಪಿಸುವ ಬಗೆ

ದೇವರಿಂದ ವರವನ್ನು, ಅಂದರೆ ಸೇವೆಗೆ ಬೇಕಾದ ಸಾಮರ್ಥ್ಯವನ್ನು ಹೊಂದಿದವರು, ಯಜಮಾನನ ಮನೆಯನ್ನು ನೋಡಿಕೊಳ್ಳುವ ಮನೆವಾರ್ತೆಯವರಂತೆ ಅದನ್ನು ಒಬ್ಬರಿಗೊಬ್ಬರ ಸೇವೆಗಾಗಿ ಬಳಸಬೇಕೆಂದು ಯೇಸುವಿನ ಶಿಷ್ಯನಾದ ಪೇತ್ರನು ಬೈಬಲಿನಲ್ಲಿರುವ ತನ್ನ ಮೊದಲನೆಯ ಪತ್ರದ 4ನೆಯ ಅಧ್ಯಾಯದಲ್ಲಿ ಬರೆಯುತ್ತಾನೆ. ಮನೆವಾರ್ತೆಯವನ ಕೈಯಲ್ಲಿ ಬೀಗದ ಕೈ ಇದ್ದರೂ ಉಗ್ರಾಣ ಯಜಮಾನನದೇ. ಈ ಮಾತು ಮನಸ್ಸಿಗೆ ನಾಟಿದರೆ ಸೇವೆಯಲ್ಲಿ ಎದುರಾಗುವ ಎಷ್ಟೋ ತೊಡಕುಗಳು ಆರಂಭದಲ್ಲೇ ಬಗೆಹರಿಯುತ್ತವೆ.

ನಿಮ್ಮ ವರ ಯಾವುದೆಂದು ತಿಳಿಯಲು, ಜನರು ಯಾವ ಕೆಲಸಕ್ಕಾಗಿ ನಿಮ್ಮನ್ನು ಮತ್ತೆ ಮತ್ತೆ ಹುಡುಕಿಕೊಂಡು ಬರುತ್ತಾರೆಂಬುದನ್ನು ಗಮನಿಸಿ. ನಿಮ್ಮನ್ನು ಬಲ್ಲ ಹಿರಿಯರನ್ನೂ ವಿಚಾರಿಸಿ. ರೋಮಾಪುರದವರಿಗೆ ಬರೆದ ಪತ್ರದ 12ನೆಯ ಅಧ್ಯಾಯದಲ್ಲಿ ಪೌಲನು ಬೋಧನೆಯ ಜೊತೆಗೇ ದಾನಕೊಡುವುದನ್ನೂ ದಯೆ ತೋರುವುದನ್ನೂ ವರಗಳೆಂದೇ ಎಣಿಸುತ್ತಾನೆ. ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದಲ್ಲಿ, ಯೊಪ್ಪ ಪಟ್ಟಣದ ಶಿಷ್ಯೆ ತಬಿಥಾ ತೀರಿಕೊಂಡಾಗ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು, ಆಕೆ ಹೊಲಿದುಕೊಟ್ಟಿದ್ದ ಬಟ್ಟೆಗಳನ್ನು. ತಮ್ಮ ಕೈಕೆಲಸವನ್ನು ಅಲ್ಪವೆಂದು ಬಗೆಯುವವರು ಈ ಪ್ರಸಂಗವನ್ನು ನಿಧಾನವಾಗಿ ಓದಬೇಕೆಂದು ನನ್ನ ವಿನಂತಿ.

ವರ ತಿಳಿದ ಮೇಲೆ, ಅದನ್ನು ತೋರಿಸಲು ಅವಕಾಶ ಹುಡುಕುವ ಬದಲು ಯಾರಿಗೆ ಏನು ಬೇಕಾಗಿದೆಯೆಂದು ಕೇಳಿ ತಿಳಿಯಿರಿ. ಸ್ಪಷ್ಟವಾಗಿ ಓದಬಲ್ಲವರು ದೃಷ್ಟಿ ಮಂದವಾದ ವೃದ್ಧರೊಬ್ಬರಿಗೆ ಓದಿಹೇಳಲು ಹೋದರೆ, ಏನನ್ನು ಓದಬೇಕೆಂಬುದನ್ನು ಅವರೇ ಆರಿಸಲಿ. ಅವರ ಕಿವಿಗೆ ಹಿತವಾಗುವ ವೇಗದಲ್ಲಿ ಓದುತ್ತ, ಅವರು ಕೈ ಎತ್ತಿದಲ್ಲಿ ನಿಲ್ಲಿಸಿ, ಕೇಳಿದ ಸಾಲನ್ನು ಮತ್ತೊಮ್ಮೆ ಓದಿ, ನಡುವೆ ಅವರು ಹಳೆಯ ನೆನಪೊಂದನ್ನು ಹೇಳತೊಡಗಿದರೆ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕೇಳಿಸಿಕೊಳ್ಳಿ. ಆ ಹೊತ್ತು ಅವರದು. ನೆರವು ಪಡೆಯುವವರಿಗೆ ಋಣದ ಸಂಕೋಚ ಉಳಿಯದಂತೆ ನಡೆದುಕೊಳ್ಳುವುದು ಚೆನ್ನಾಗಿ ಓದುವುದಕ್ಕಿಂತ ಕಷ್ಟದ್ದು. ದೀನತೆ ನಿಜವಾಗಿ ಬೇಕಾಗುವುದು ಅಲ್ಲಿಯೇ.

ಕೆಲಸದ ಕೆಳಗಿನ ಪಾಲನ್ನು ಬೇರೆಯವರಿಗೆ ಬಿಡಬೇಡಿ. ಯೇಸು ತಾನೇ ಬೋಗುಣಿಗೆ ನೀರು ಹೊಯ್ದು, ಶಿಷ್ಯರ ಕಾಲುಗಳನ್ನು ತೊಳೆದು, ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆಯಿಂದ ಒರಸಿದನು. ಹಾಗೆಯೇ ಬೋಧಿಸುವವರು ಮೊದಲೇ ಬಂದು ಕುರ್ಚಿ ಹಾಕಲಿ, ಹಾಡುವವರು ಕಡೆಗೆ ಉಳಿದು ಕಸ ಗುಡಿಸಲಿ. ಎಡಗೈಗೆ ತಿಳಿಯದಂತೆ ಕೊಡಬೇಕೆಂಬ ಬೋಧನೆಯನ್ನು ಒಪ್ಪುವವರು, ನೆರವು ಪಡೆದವರ ಭಾವಚಿತ್ರ ತೆಗೆದು ಹಂಚಬಾರದು. ಯಾರಾದರೂ ಹೊಗಳಿದರೆ ನಿಮ್ಮನ್ನು ನೀವೇ ಹಳಿದುಕೊಳ್ಳದೆ ವಂದನೆ ಹೇಳಿ, ದೇವರಿಗೆ ಸ್ತೋತ್ರ ಸಲ್ಲಿಸಿ ಮುಂದಿನ ಕೆಲಸಕ್ಕೆ ಹೋಗಿ.

ಎಲ್ಲವನ್ನೂ ಒಬ್ಬರೇ ಹೊತ್ತುಕೊಳ್ಳುವುದು ದೀನತೆಯೆಂದು ನನಗೆ ಅನಿಸುವುದಿಲ್ಲ. ಯೆರೂಸಲೇಮಿನಲ್ಲಿ ವಿಧವೆಯರಿಗೆ ದಿನನಿತ್ಯದ ಆಹಾರ ಹಂಚುವುದರಲ್ಲಿ ಕೊರತೆ ಬಂದಾಗ, ಯೇಸು ಆರಿಸಿ ಕಳುಹಿಸಿದ ಶಿಷ್ಯರಾದ ಅಪೊಸ್ತಲರು ಆ ಹೊಣೆಗಾಗಿ ಒಳ್ಳೆಯ ಹೆಸರುಳ್ಳ 7 ಮಂದಿಯನ್ನು ಆರಿಸಿಕೊಳ್ಳುವಂತೆ ಸಭೆಗೆ ಹೇಳಿ, ತಾವು ಪ್ರಾರ್ಥನೆಯಲ್ಲಿಯೂ ವಾಕ್ಯೋಪದೇಶದಲ್ಲಿಯೂ ನಿರತರಾದರು. ನಿಮ್ಮಿಂದ ಆಗದ್ದನ್ನು ಆಗದೆಂದು ಮೊದಲೇ ತಿಳಿಸಿ, ಆ ಕೆಲಸ ಬಲ್ಲವರನ್ನು ಸೂಚಿಸಿ. ಕಲಿಯಬಯಸುವ ಕಿರಿಯರಿದ್ದರೆ ಕೆಲವು ಸಲ ಜೊತೆಗಿದ್ದು ಕಲಿಸಿ, ಬಳಿಕ ಆ ಕೆಲಸವನ್ನು ಪೂರ್ತಿಯಾಗಿ ಅವರಿಗೇ ಬಿಟ್ಟುಕೊಡಿ.